ಗಜನಿಗೆ ಬಾಗಿಲು ಒಂದೇ

ದೀಪಾವಳಿ ಮುಗಿದ ವಾರ ಅತ್ತೆಯ ಫೋನು ಬಂತು. ‘ಹುಣ್ಣಿಮೆ ಕಳದ ಶನಿವಾರ ಬಾ ಮಗಾ. ಕಗ್ಗ ಬೆಳದದೆ. ಕೊಯ್ಯೂಕೆ ಜನ ಇಲ್ಲಾ.’

ಕುಮಟಾ ತಾಲ್ಲೂಕಿನ ಕಾಗಾಲದ ಹತ್ತಿರ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಅವಳ ಮನೆ. ಅಪ್ಪನ ತಂಗಿ. ಅಪ್ಪ ಬ್ಯಾಂಕಿನ ಕೆಲಸ ಹಿಡಿದು ಬೆಂಗಳೂರಿಗೆ ಬಂದವನು ಅಲ್ಲೇ ಉಳಿದ. ಅತ್ತೆ ಮದುವೆಯಾಗಿ ಹೋದದ್ದು ತವರಿನ ಗದ್ದೆ ಇರುವ ಅದೇ ಗಜನಿಯ ಇನ್ನೊಂದು ದಂಡೆಗೆ. ಆ ನೀರು ಬಿಟ್ಟು ಅವಳು ಎಲ್ಲಿಗೂ ಹೋಗಲಿಲ್ಲ. ಅಜ್ಜ ಅಜ್ಜಿ ಹೋದ ಮೇಲೆ ನಮಗೆ ಊರು ಎಂದರೆ ಅತ್ತೆಯ ಮನೆ.

ಅವಳು ಯಾವತ್ತೂ ‘ಯಾವಾಗಾದರೂ ಬನ್ನಿ’ ಎಂದವಳಲ್ಲ. ಅವಳ ಕರೆಗೆ ತಿಥಿ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಭರತ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಸುತ್ತ ನೀರು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ದಿನಕ್ಕೆ ಎರಡು ಸಲ ಏರಿಳಿಯುವ ಕಡಲು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಳಿವೆಯ ಮನೆಗಳಲ್ಲಿ ಪಂಚಾಂಗ ಹಬ್ಬಕ್ಕೆ ಎಷ್ಟು ಬೇಕೋ ಬಲೆ ಬಿಡಲು, ಬಳಚು ಆರಿಸಲು, ಗಜನಿಯ ಬಾಗಿಲು ತೆಗೆದು ಹಾಕಲು ಅಷ್ಟೇ ಬೇಕು. 2024ರಲ್ಲಿ ಕಾರ್ತೀಕ ಹುಣ್ಣಿಮೆ ನವೆಂಬರ್ 15ರ ಶುಕ್ರವಾರ ಬಿತ್ತು. ನನಗೆ ರಜೆ ಇರುವುದು ಶನಿವಾರ, ಭಾನುವಾರ. ಅವಳ ಲೆಕ್ಕವೂ ನನ್ನ ಕಚೇರಿಯ ಲೆಕ್ಕವೂ ಕೂಡಿಬಂದ ಅಪರೂಪದ ವಾರ.

‘ಬಸ್ಸಿಗೆ ಬೇಡ, ರೈಲಿಗೇ ಬಾ’ ಎಂದೂ ಸೇರಿಸಿದಳು. ಆ ವರ್ಷದ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು, ಜನ, ವಾಹನ ಎಲ್ಲ ಗಂಗಾವಳಿ ನದಿಯ ಪಾಲಾಗಿದ್ದವು. ಅಂದಿನಿಂದ ಆ ಸೀಮೆಯ ತಾಯಂದಿರಿಗೆ ಗುಡ್ಡ ಕಡಿದು ಅಗಲ ಮಾಡಿದ ರಸ್ತೆಯೆಂದರೆ ಎದೆ ಅದುರುತ್ತದೆ.

ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಗಿನ ಹೊತ್ತಿಗೆ ಕುಮಟಾ ಮುಟ್ಟಿಸುತ್ತದೆ. ಭಾನುವಾರ ಕತ್ತಲಾದ ಮೇಲೆ ಅದನ್ನೇ ಹತ್ತಿದರೆ ಸೋಮವಾರ ಬೆಳಿಗ್ಗೆ ವಾಪಸು. ಮಂಗಳೂರು ಪೇಟೆಯೊಳಗೆ ಹೋಗಿ ಎಂಜಿನ್ ತಿರುಗಿಸುವ ಗೋಜಿಲ್ಲದೆ ಪಡೀಲಿನಿಂದಲೇ ಉತ್ತರಕ್ಕೆ ಹೊರಳುವುದರಿಂದ ಈ ಹೊತ್ತು ಹೊಂದುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿ.ಮೀ. ಘಟ್ಟ, ಅದರ 57 ಸುರಂಗಗಳು ರಾತ್ರಿಯಲ್ಲೇ ದಾಟಿಹೋಗುತ್ತವೆ. 50 ಅಡಿಗೆ ಒಂದು ಅಡಿ ಇಳಿಯುವ ಆ ಹಾದಿಯಲ್ಲಿ ಗಾಡಿ ಬ್ರೇಕು ಹಿಡಿಹಿಡಿದು ಸಾಗುವುದು ನಿದ್ದೆಯಲ್ಲೂ ಮೈಗೆ ಗೊತ್ತಾಗುತ್ತದೆ. ಕೊಂಕಣ ರೈಲಿನ ಪೂರ್ತಿ ಹಾದಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೆ ಮೊದಲು ಅಪ್ಪ ಊರಿಗೆ ಹೋಗಬೇಕಾದರೆ ಶಿರಸಿಯವರೆಗೆ ಒಂದು ಬಸ್ಸು, ಅಲ್ಲಿಂದ ದೇವಿಮನೆ ಘಟ್ಟ ಇಳಿಯುವ ಇನ್ನೊಂದು ಬಸ್ಸು. ಎರಡು ದಿನದ ರಜೆಗೆ ಹೋಗಿಬರುವ ಮಾತೇ ಇರಲಿಲ್ಲ; ಹಬ್ಬಕ್ಕೋ ಸಾವಿಗೋ ಮಾತ್ರ ಊರು. ವಾರದ ಕೊನೆಗೆ ನೆಂಟರ ಮನೆ ಎನ್ನುವುದು ಈ ಹಳಿಗಳು ಕೊಟ್ಟ ಭಾಗ್ಯ.

ಹೊನ್ನಾವರ ಬರುವ ಮೊದಲೇ ಮಗಳನ್ನು ಎಬ್ಬಿಸಿದೆ. ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲಿನ ಸೇತುವೆಗಳಲ್ಲೇ ಅತಿ ಉದ್ದದ್ದು. ಕಿಟಕಿಗೆ ಮುಖ ಒತ್ತಿ ಕೂತ ಮಗಳು, ‘ಇದು ಸಮುದ್ರವಾ, ಹೊಳೆಯಾ?’ ಎಂದಳು. ಎರಡೂ ಹೌದು ಎಂದೆ. ಉತ್ತರ ಕನ್ನಡದ ಕರಾವಳಿಗೆ ಹೋಗುವವರು ಮೊದಲು ತಿಳಿಯಬೇಕಾದ್ದು ಅದು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವ ಜನ ಗೋಕರ್ಣದ ಓಂ ಬೀಚು, ಕುಡ್ಲೆ ಬೀಚುಗಳಲ್ಲಿ ಕಡಲು ನೋಡಿ ಹೋಗುತ್ತಾರೆ. ಕಡಲು ಚೆಂದವೇ. ಆದರೆ ಈ ಸೀಮೆಯ ಅನ್ನ ಹುಟ್ಟುವುದು ಅಲ್ಲಿಂದ ಒಳಕ್ಕೆ, ಉಪ್ಪು ನೀರೂ ಸಿಹಿ ನೀರೂ ಕಲೆಯುವ ಅಳಿವೆಗಳಲ್ಲಿ.

ಮಾವ ಕುಮಟಾ ಸ್ಟೇಷನ್ನಿಗೆ ರಿಕ್ಷಾ ತಂದಿದ್ದರು. ಬಾಡ ದಾಟಿ ಕಾಗಾಲದ ಕಡೆ ತಿರುಗುವಾಗ ಎಡಗಡೆ ತೆಂಗಿನ ತೋಟಗಳ ಸಂದಿಯಲ್ಲಿ ಕಡಲು, ಬಲಗಡೆ ದೂರಕ್ಕೆ ಚಪ್ಪಟೆಯಾಗಿ ಹರಡಿದ ಗಜನಿ. ಮನೆ ಮುಟ್ಟಿ ಕೈಕಾಲು ತೊಳೆಯುವುದರೊಳಗೆ ಅತ್ತೆ ಗಂಜಿ ಬಡಿಸಿಟ್ಟಿದ್ದಳು. ಹೋದ ವರ್ಷದ ಕಗ್ಗದ ಕೆಂಪಕ್ಕಿ, ಜೊತೆಗೆ ಒಣ ಶೆಟ್ಲಿಯ, ಎಂದರೆ ಸಿಗಡಿಯ, ಚಟ್ನಿ, ಕಚ್ಚಿಕೊಳ್ಳಲು ಒಂದು ಈರುಳ್ಳಿ. ಅಳ್ವೇಕೋಡಿ, ಹಂದಿಗೋಣದ ಕಡೆ ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕುತ್ತಾರಲ್ಲ, ಆ ಕುಮಟಾ ಸಿಹಿ ಈರುಳ್ಳಿ. ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದ ಜಡೆಯಲ್ಲಿ ಅಷ್ಟೊತ್ತಿಗೆ ನಾಲ್ಕೈದೇ ಉಳಿದಿದ್ದವು. ಗಂಜಿಯ ತಿಳಿ ಕುಡಿದರೆ ಹೊಟ್ಟೆಯಲ್ಲಿ ಗಟ್ಟಿ ನಿಲ್ಲುತ್ತದೆ, ಮಧ್ಯಾಹ್ನದವರೆಗೆ ಹಸಿವಿಲ್ಲ. ಗದ್ದೆಗೆ ಇಳಿಯುವವರ ಊಟ ಅದು.

ಗಜನಿ ಎಂದರೆ ಏನೆಂದು ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಅಳಿವೆಯ ಅಂಚಿನ ತಗ್ಗು ನೆಲಕ್ಕೆ ಒಡ್ಡು ಹಾಕಿ ಒಳಗೆ ಗದ್ದೆ ಮಾಡಿರುತ್ತಾರೆ. ಒಡ್ಡಿನಲ್ಲಿ ಹಲಗೆಯ ಬಾಗಿಲು. ಮಳೆಗಾಲ ಹಿಡಿದಾಗ ಬಾಗಿಲು ಹಾಕಿ ಕಡಲ ನೀರನ್ನು ಹೊರಗಿಡುತ್ತಾರೆ. ಇಳಿತದ ಹೊತ್ತಿಗೆ ತೆಗೆದು ಒಳಗಿನ ನೀರು ಬಿಡುತ್ತಾರೆ. ಹೀಗೆ ಮಳೆಯ ನೀರು ಬಂದು ಹೋಗಿ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುತ್ತಾರೆ. ಕಗ್ಗ ಉಪ್ಪು ತಾಳುವ ಭತ್ತ. ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಕೊಳೆಯದೆ, ನೀರಿಗಿಂತ ಮೇಲೆ ತಲೆಯೆತ್ತುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಹೊಳೆ ಹೊತ್ತು ತರುವ ಮೆಕ್ಕಲೇ ಅದಕ್ಕೆ ಸಾಕು. ಕೇರಳದ ಪೊಕ್ಕಾಳಿ, ಗೋವಾದ ಕೊರ್ಗುಟ್ ಇದರ ಒಡಹುಟ್ಟಿದವು. ಗೋವಾದವರು ಇಂಥ ನೆಲವನ್ನು ಖಜಾನ್ ಎನ್ನುತ್ತಾರೆ.

ಕೊಯ್ಲು ಮುಗಿಯುತ್ತಲೇ ಬಾಗಿಲು ಕಡಲಿಗೆ ತೆರೆದುಕೊಳ್ಳುತ್ತದೆ. ಭರತದ ಜೊತೆ ಮೀನಿನ ಮರಿ, ಶೆಟ್ಲಿ ಒಳಗೆ ಬರುತ್ತವೆ. ಕಗ್ಗವನ್ನು ಬುಡದಿಂದ ಕೊಯ್ಯುವುದಿಲ್ಲ, ತೆನೆ ಮಾತ್ರ. ನಿಂತ ಹುಲ್ಲು ನೀರಿನಲ್ಲಿ ಕೊಳೆತು ಆ ಮೀನಿಗೂ ಶೆಟ್ಲಿಗೂ ಮೇವಾಗುತ್ತದೆ. ಅವುಗಳ ಹೇಲು, ಉಳಿದ ಮೇವು ಮುಂದಿನ ವರ್ಷದ ಬೆಳೆಗೆ ಗೊಬ್ಬರ. ವರ್ಷದ ಅರ್ಧ ಭತ್ತ, ಅರ್ಧ ಮೀನು. ಈ ಏರ್ಪಾಡನ್ನು ಯಾವ ಕೃಷಿ ವಿಶ್ವವಿದ್ಯಾಲಯವೂ ಹೇಳಿಕೊಟ್ಟದ್ದಲ್ಲ. ನೀರನ್ನು ತಲೆಮಾರುಗಟ್ಟಲೆ ನೋಡುತ್ತ ಕೂತವರು ಕಟ್ಟಿಕೊಂಡದ್ದು, ಮತ್ತು ಕರ್ನಾಟಕದ ಬೇಸಾಯದಲ್ಲಿ ಇದರಷ್ಟು ಬುದ್ಧಿವಂತಿಕೆಯದ್ದು ಬೇರೆ ಇಲ್ಲವೆಂದೇ ನನ್ನ ನಂಬಿಕೆ.

ಒಂಬತ್ತರ ಹೊತ್ತಿಗೆ ನೀರಿಗೆ ಇಳಿದೆವು. ಮೊಣಕಾಲಿನವರೆಗೆ ನೀರು, ಅದರ ಕೆಳಗೆ ಪಾದ ಹೂತುಹೋಗುವ ಕೆಸರು. ತೆನೆಗಳು ಎದೆಯ ಮಟ್ಟಕ್ಕೆ ಬಾಗಿ ನಿಂತಿದ್ದವು. ಕೆಲವು ಕಡೆ ಬೆಳೆ ಒರಗಿ ತೆನೆ ನೀರು ಮುಟ್ಟುತ್ತಿತ್ತು, ಅದನ್ನು ಮೊದಲು ಕೊಯ್ಯಬೇಕು. ಎಡಗೈಯಲ್ಲಿ ತೆನೆಗಳ ಕುತ್ತಿಗೆ ಸೇರಿಸಿ ಹಿಡಿದು ಬಲಗೈಯ ಕತ್ತಿ ಎಳೆದರೆ ಒಂದು ಹಿಡಿ. ಹತ್ತಿರದಲ್ಲೇ ಮಾವ ಪುಟ್ಟ ದೋಣಿಯನ್ನು ತಳ್ಳುತ್ತ ಬರುತ್ತಿದ್ದರು, ಕೊಯ್ದದ್ದು ಅದಕ್ಕೆ. ಗದ್ದೆಯಿಂದ ಭತ್ತ ಹೊರುವುದಕ್ಕೆ ದೋಣಿ! ಮಗಳಿಗೆ ಅದೇ ಸಂಭ್ರಮ. ದೋಣಿಯ ತುದಿಯಲ್ಲಿ ಕೂತು ತೆನೆ ಓರಣ ಮಾಡುವ ಕೆಲಸ ಅವಳಿಗೆ ಸಿಕ್ಕಿತು.

ಪಕ್ಕದ ಕೇರಿಯ ಹಾಲಕ್ಕಿ ಹೆಂಗಸರು ಮುಯ್ಯಾಳಾಗಿ ಬಂದಿದ್ದರು. ಕುತ್ತಿಗೆ ತುಂಬ ಮಣಿಸರ ಹಾಕಿದ ಹಿರಿಯಳೊಬ್ಬಳು ಮುಂದಿನ ಸಾಲು ಹಿಡಿದಿದ್ದಳು; ಅವಳ ಜೊತೆಯವರಲ್ಲಿ ಸೀರೆ ಉಟ್ಟ ಕ್ರಮ ಹಳೆಯದಾಗಿದ್ದದ್ದು ಅವಳದ್ದೊಂದೇ. ಕೊಯ್ಯುತ್ತ ಅವಳು ಪದ ತೆಗೆದಳು, ಉಳಿದವರು ಸೊಲ್ಲು ಹಿಡಿದರು. ಹಾಲಕ್ಕಿಗಳ ಪದವನ್ನು ನಾಡಿಗೆಲ್ಲ ಗೊತ್ತುಮಾಡಿಸಿದವರು ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವೇದಿಕೆಯ ಮೇಲೆ ಕೇಳಿದ್ದೇ ಬೇರೆ, ನೀರಿನಲ್ಲಿ ನಿಂತು ಕೇಳಿದ್ದೇ ಬೇರೆ. ಸೊಲ್ಲು ಮುಗಿಯುವಲ್ಲಿ ಕತ್ತಿ ಎಳೆಯುವುದೂ ಮುಗಿಯುತ್ತದೆ. ಬೆನ್ನಿಗೆ ಬೇಕಾದ ವಿರಾಮ ಪದದೊಳಗೇ ಇದೆ.

ಹನ್ನೊಂದರ ಮೇಲೆ ಭರತ ಏರಿತು. ಒಡ್ಡಿನ ಆಚೆ ಹೊಳೆಯ ನೀರು ನಮ್ಮ ತಲೆಗಿಂತ ಮೇಲಿದೆಯೇನೋ ಎನ್ನುವ ಹಾಗೆ ಕಂಡು ಮಗಳು ಹೆದರಿದಳು. ಒಡ್ಡು ಗಟ್ಟಿಯಿದೆ ಎಂದು ಮಾವ ಧೈರ್ಯ ಹೇಳಿದರು. ಆದರೆ ಎಲ್ಲ ಕಡೆ ಗಟ್ಟಿ ಇಲ್ಲ. ಈ ಮಾತು ಅವರು ಮಧ್ಯಾಹ್ನ, ಮಗಳು ಮಲಗಿದ ಮೇಲೆ ಹೇಳಿದ್ದು.

ಊಟಕ್ಕೆ ಬಂಗಡೆ ಸಾರು. ತೆಂಗಿನಕಾಯಿ ನುಣ್ಣಗೆ ಅರೆದು, ಮುರುಗಲ ಸಿಪ್ಪೆಯ ಹುಳಿ ಬಿಟ್ಟು, ಇಳಿಸುವ ಮೊದಲು ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿದರೆ ಅದರ ಘಮಕ್ಕೆ ಬೇರೆ ಮಸಾಲೆ ಬೇಡ. ನಾಲಿಗೆ ಚುರುಗುಡುವ ಆ ರುಚಿ ಬೆಂಗಳೂರಿನ ಯಾವ ಕರಾವಳಿ ಹೋಟೆಲಿನಲ್ಲೂ ನನಗೆ ಸಿಕ್ಕಿಲ್ಲ.

ಮಾವ ಹೇಳಿದ ಒಡ್ಡಿನ ಕತೆ ಈ ಗಜನಿಯ ಕತೆಯೇ. ಮೊದಲು ಮಣ್ಣಿನ ಒಡ್ಡು ಇತ್ತು. ವರ್ಷ ವರ್ಷ ಬೇಸಿಗೆಯಲ್ಲಿ ಊರೇ ಕೂಡಿ ಮಣ್ಣು ಮೆತ್ತುತ್ತಿತ್ತು. 1970ರ ದಶಕದಲ್ಲಿ ಸರಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಒಡ್ಡುಗಳನ್ನು ಕಟ್ಟಿಸಿತು. ಅದೇ ಕಾಲಕ್ಕೆ, 1974ರಲ್ಲಿ, ಭೂಸುಧಾರಣೆ ಬಂತು. ಅಲ್ಲಿಯವರೆಗೆ ಅಜ್ಜ ಗೇಣಿದಾರ. ಅರ್ಜಿ ಹಾಕಿ ಒಡೆಯನಾದ. ಆ ಕಾಗದ ಕೈಗೆ ಬಂದ ದಿನ ಅಜ್ಜ ಗಜನಿಯ ನೀರಿಗೆ ತೆಂಗಿನಕಾಯಿ ಒಡೆದನೆಂದು ಅಪ್ಪ ಇವತ್ತಿಗೂ ಹೇಳುತ್ತಾನೆ. ನಮ್ಮ ಮನೆಗೆ ಅನ್ನ, ಮಾನ, ಅಪ್ಪನಿಗೆ ಕಾಲೇಜು, ಎಲ್ಲ ಬಂದದ್ದು ಆ ಕಾಗದದಿಂದ.

ಒಬ್ಬ ಧಣಿಯ ಗಜನಿ ಹೀಗೆ ಹತ್ತಾರು ಜನರ ತುಂಡು ಗದ್ದೆಯಾಯಿತು. ಆದರೆ ಗದ್ದೆ ತುಂಡಾದರೂ ನೀರು ತುಂಡಾಗುವುದಿಲ್ಲ. ಗಜನಿಗೆ ಬಾಗಿಲು ಒಂದೇ. ಅದನ್ನು ಹಾಕಿದರೆ ಎಲ್ಲರ ಗದ್ದೆಗೂ ಸಿಹಿ ನೀರು, ತೆಗೆದರೆ ಎಲ್ಲರ ಗದ್ದೆಗೂ ಉಪ್ಪು. ನಾನೊಬ್ಬ ಬಿತ್ತುತ್ತೇನೆ, ನೀನು ಬಿಡು ಎನ್ನುವ ಹಾಗಿಲ್ಲ. ಬಯಲುಸೀಮೆಯ ರೈತ ಪಕ್ಕದವನೊಡನೆ ಮಾತು ಬಿಟ್ಟೂ ಬೆಳೆ ತೆಗೆಯಬಹುದು. ಗಜನಿಯಲ್ಲಿ ಜಗಳ ಆಡಿಯಾದರೂ ಒಟ್ಟಿಗೇ ಇರಬೇಕು.

ಈ ಒಟ್ಟಿಗೆ ಇರುವುದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1990ರ ದಶಕದ ಸಿಗಡಿ ಕೃಷಿಯಿಂದ. ಹೊರಗಿನ ಗುತ್ತಿಗೆದಾರರು ವರ್ಷಕ್ಕಿಷ್ಟು ಎಂದು ಕೈತುಂಬ ಹಣ ಕೊಟ್ಟು ಗಜನಿ ಹಿಡಿದರು. ಸಿಗಡಿಗೆ ವರ್ಷವಿಡೀ ಉಪ್ಪು ನೀರು ಬೇಕು, ಮಳೆಗಾಲದಲ್ಲೂ ಬಾಗಿಲು ಹಾಕುವಂತಿಲ್ಲ. ಕಗ್ಗ ನಿಂತಿತು. ಆ ದಶಕದ ನಡುವಿನಲ್ಲಿ ಬಿಳಿ ಚುಕ್ಕೆ ರೋಗ ದೇಶದ ಕರಾವಳಿಯಲ್ಲೆಲ್ಲ ಸಿಗಡಿ ಹೊಂಡಗಳನ್ನು ಬರಿದು ಮಾಡಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮದ ಮೇಲೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ಸಾಂಪ್ರದಾಯಿಕ ಪದ್ಧತಿಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಗುತ್ತಿಗೆದಾರರು ಬಂದ ಹಾಗೇ ಹೋದರು. ಉಳಿದದ್ದು ಸಡಿಲಾದ ಒಡ್ಡು, ಉಪ್ಪು ಕುಡಿದ ಮಣ್ಣು.

ಬೀಜ ಮಾತ್ರ ಕೆಲವು ಮನೆಗಳಲ್ಲಿ ಉಳಿಯಿತು. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಕರಾವಳಿಯ ಹಸಿ ಗಾಳಿಗೆ ಭತ್ತ ಬಹಳ ದಿನ ಮೊಳಕೆಯ ಶಕ್ತಿ ಉಳಿಸಿಕೊಳ್ಳುವುದೂ ಇಲ್ಲ; ಆಗಾಗ ಬಿತ್ತಿ ಬೆಳೆದರೆ ಉಂಟು, ಇಲ್ಲವಾದರೆ ಇಲ್ಲ. ಗಜನಿ ಪಾಳು ಬಿದ್ದ ವರ್ಷಗಳಲ್ಲಿ ಅತ್ತೆ ಮನೆಯ ಹಿಂದಿನ ತಗ್ಗಿನಲ್ಲಿ ನಾಲ್ಕು ಸೇರು ಬಿತ್ತಿ, ಬಂದದ್ದನ್ನು ಮುಡಿ ಕಟ್ಟಿಟ್ಟು, ಮರುವರ್ಷ ಅದನ್ನೇ ಬಿತ್ತುತ್ತ ಬಂದಳು. ಊಟಕ್ಕೆ ಸಾಲುವಷ್ಟಲ್ಲ, ಬೀಜ ಹೋಗಬಾರದೆಂದು. ಇದನ್ನು ಅವಳು ದೊಡ್ಡ ಮಾತಾಗಿ ಹೇಳಿದ್ದಲ್ಲ; ಮುಡಿ ಎಲ್ಲಿಟ್ಟಿದ್ದೀಯೆಂದು ಮಾವನನ್ನು ಗದರಿಸುವಾಗ ಬಂದ ಮಾತು.

ಈಗ ಕಾಡುವುದು ಜನರ ಕೊರತೆ. ಕೆಸರಿನಲ್ಲಿ ಯಂತ್ರ ಇಳಿಯುವುದಿಲ್ಲ. ಬಿತ್ತುವುದು, ಕೊಯ್ಯುವುದು, ಒಡ್ಡು ಕಟ್ಟುವುದು, ಮೂರೂ ಕೈಯ ಕೆಲಸ. ಅತ್ತೆಯ ದೊಡ್ಡ ಮಗ ಗೋವಾದ ಕಾರ್ಖಾನೆಯಲ್ಲಿ, ಚಿಕ್ಕವನು ಬೆಂಗಳೂರಿನಲ್ಲಿ. ಅಕ್ಕಪಕ್ಕದ ಮನೆಗಳಲ್ಲೂ ಇದೇ. ಈ ಊರುಗಳಿಗೆ ಹೊರಡುವುದು ಹೊಸತಲ್ಲ. ಹೊಳೆಯ ಆಚೆ ಗೋಕರ್ಣದ ಬದಿಗೆ ಹನೇಹಳ್ಳಿ ಇದೆ. 1928ರಲ್ಲಿ ಅಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಬಾಳಿನ ಬಹುಪಾಲು ಮುಂಬೈಯಲ್ಲಿದ್ದು, ಪಾಲಿಮರ್ ಉದ್ಯಮದಲ್ಲಿ ದುಡಿಯುತ್ತ, ಕತೆಗಳಲ್ಲಿ ಹನೇಹಳ್ಳಿಗೆ ಮರಳುತ್ತಲೇ ಇದ್ದರು. ಹೋದವರು ಊರನ್ನು ಮನಸ್ಸಿನಲ್ಲಿ ಕಾಪಾಡಿಕೊಳ್ಳುವುದು ಸಾಹಿತ್ಯಕ್ಕೆ ದೊಡ್ಡ ಲಾಭವಾಯಿತು. ಗಜನಿಗೆ ಅಷ್ಟು ಸಾಲದು. ಅದಕ್ಕೆ ಮೇ ತಿಂಗಳ ಬಿಸಿಲಿನಲ್ಲಿ ಮಣ್ಣು ಹೊರುವ ಹೆಗಲು ಬೇಕು, ಇಲ್ಲವೇ ಹೊರುವವರ ಕೂಲಿಯಲ್ಲಿ ಪಾಲು ಬೇಕು.

ಸಂಜೆ ಬಾಡದ ಕಡಲ ದಂಡೆಗೆ ಹೋಗಿ ಮಗಳ ಕಾಲಿಗೆ ತೆರೆ ತಾಗಿಸಿಕೊಂಡು ಬಂದೆವು. ರಾತ್ರಿ ಬೇಗ ಮಲಗಬೇಕಿತ್ತು.

ಭಾನುವಾರ ಬೆಳಕು ಹರಿಯುವ ಮೊದಲು ಅತ್ತೆ ಎಬ್ಬಿಸಿದಳು. ‘ನೀರ ಇಳದದೆ, ಏಳು.’ ಹುಣ್ಣಿಮೆಯ ಆಚೆಯ ದೊಡ್ಡ ಇಳಿತ. ನಿನ್ನೆ ನೀರಿದ್ದಲ್ಲೆಲ್ಲ ಬೂದು ಬಣ್ಣದ ಹಸಿ ನೆಲ ಎದ್ದು ಬಂದಿತ್ತು. ಒಡ್ಡಿನ ಹೊರಮೈಗೆ ಅಂಟಿ ಬೆಳೆದ ಕಾಂಡ್ಲದ ಬೇರುಗಳು ಪೂರ್ತಿ ಕಾಣುತ್ತಿದ್ದವು. ಕಾಂಡ್ಲ ಇದ್ದ ಕಡೆ ಒಡ್ಡು ಸವೆಯುವುದಿಲ್ಲ. ತೆರೆಯ ಪೆಟ್ಟನ್ನು ಅದು ಮೈಮೇಲೆ ತೆಗೆದುಕೊಳ್ಳುತ್ತದೆ. ಅರಣ್ಯ ಇಲಾಖೆ ಈ ಅಳಿವೆಯಲ್ಲಿ ಕಾಂಡ್ಲ ನೆಡಿಸಿದ್ದು ಒಳ್ಳೆಯ ಕೆಲಸ.

ಹೊಳೆಯ ನಡುವಿನ ಮರಳು ದಿಬ್ಬಗಳ ಮೇಲೆ ಆಗಲೇ ಬುಟ್ಟಿ ಹಿಡಿದ ಹೆಂಗಸರ ಗುಂಪುಗಳು ಚದುರಿದ್ದವು. ಬಳಚು ಆರಿಸುವುದು ಕಣ್ಣಿನ ಕೆಲಸವಲ್ಲ, ಕಾಲಿನದು. ಮೆಲ್ಲಗೆ ಹೆಜ್ಜೆ ಒತ್ತುತ್ತ ಹೋದರೆ ಅಂಗಾಲಿಗೆ ಗಟ್ಟಿಯಾಗಿ ಸಿಗುತ್ತದೆ, ಬಗ್ಗಿ ಕೆದಕಿದರೆ ಎರಡು ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡ ಜೀವ. ಮಗಳ ಕಾಲಿಗೆ ಮೊದಲನೆಯದು ಸಿಕ್ಕಾಗ ಅವಳು ಕೂಗಿದ ಕೂಗಿಗೆ ದಿಬ್ಬದ ಆಚೆಯವರೂ ತಿರುಗಿ ನೋಡಿ ನಕ್ಕರು. ಬೆರಳ ತುದಿಯಷ್ಟು ಸಣ್ಣವನ್ನು ಅತ್ತೆ ಅವಳ ಕೈಯಿಂದಲೇ ವಾಪಸು ಹೂಳಿಸಿದಳು. ಬಳಚನ್ನು ನೆಚ್ಚಿ ಈ ಅಳಿವೆಯಲ್ಲಿ ಸಾವಿರಾರು ಮನೆಗಳಿವೆ. ಮಾಂಸ ಸಾರಿಗೆ, ಸುಕ್ಕಕ್ಕೆ, ಚಿಪ್ಪು ಸುಣ್ಣಕ್ಕೆ. ಭೂಮಿ ಇಲ್ಲದವರಿಗೂ, ಗಂಡ ದುಡಿಯದವಳಿಗೂ ಇಳಿತದ ಹೊತ್ತಿನ ಈ ನೆಲ ಒಂದು ಹೊತ್ತಿನ ದುಡಿಮೆ ಕೊಡುತ್ತದೆ. ಮೊದಲಿನಷ್ಟು ಸಿಗುವುದಿಲ್ಲ ಎಂಬ ಮಾತು ಮಾತ್ರ ಎಲ್ಲ ಬುಟ್ಟಿಗಳ ಹತ್ತಿರವೂ ಕೇಳಿತು.

ಸಿಹಿ ನೀರು ಬಂದಷ್ಟು ದಿನ ಇದೆಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿ.ಮೀ. ಹರಿದು ಬರುವ ಅಘನಾಶಿನಿಗೆ ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಪಕ್ಕದ ಶರಾವತಿ, ಕಾಳಿಗಳಿಗೆ ಆ ಭಾಗ್ಯ ಉಳಿದಿಲ್ಲ. ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ತರುವ ಪ್ರಸ್ತಾವ ಬಂದಾಗ ಈ ದಂಡೆಯ ರೈತರು, ಮೀನುಗಾರರು ಒಟ್ಟಾಗಿ ಬೇಡವೆಂದರು, ಅದು ಬರಲಿಲ್ಲ. 2024ರ ಜನವರಿ 31ರಂದು ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರು. ಅಂಕಸಮುದ್ರ, ಮಾಗಡಿ ಕೆರೆಗಳೂ ಜೊತೆಗೆ ಸೇರಿದವು. ಹೆಮ್ಮೆಯ ಸಂಗತಿ. ಆದರೆ ಈ ಜೌಗು ನೆಲವನ್ನು ಇಷ್ಟು ಕಾಲ ಹೀಗೇ ಇಟ್ಟವರು ಬಾಗಿಲು ತೆಗೆದು ಹಾಕಿದವರು, ಕಗ್ಗ ಬಿತ್ತಿದವರು. ಅವರು ಉಳಿಯದೆ ಪಟ್ಟಿಯಲ್ಲಿನ ಹೆಸರು ಮಾತ್ರ ಉಳಿದರೆ ಏನು ಬಂತು?

ಬೆಳಗಿನ ತಿಂಡಿಯಾದ ಮೇಲೆ ಮಾವ ದೋಣಿ ದಾಟಿಸಿ ತದಡಿಗೆ ಕರೆದುಕೊಂಡು ಹೋದರು. ಬಂದರಿನಲ್ಲಿ ಬಣ್ಣಬಣ್ಣದ ಬೋಟುಗಳು, ಐಸು ಪುಡಿ ಮಾಡುವ ಸದ್ದು, ಮೀನು ಹರಾಜಿನ ಗದ್ದಲ. ಅಲ್ಲಿಂದ ಸ್ವಲ್ಪ ದೂರ ಸಾಣೆಕಟ್ಟಾದ ಉಪ್ಪಿನ ಆಗರ. ಆಗಷ್ಟೇ ಪಾತಿಗಳನ್ನು ಹದ ಮಾಡುತ್ತಿದ್ದರು, ಉಪ್ಪು ಬೀಳುವುದು ಬಿಸಿಲೇರಿದ ಮೇಲೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದ ಸೀಮೆ ಇದು. ಮಗಳ ಪಾಠದಲ್ಲಿರುವ ದಂಡಿ ಯಾತ್ರೆಯ ಉಪ್ಪಿಗೂ ಅಜ್ಜಿ ಮನೆಯ ಉಪ್ಪಿಗೂ ನಂಟಿದೆಯೆಂದು ತಿಳಿದಾಗ ಅವಳು ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಯೇ ನೋಡಿದಳು.

ಮಧ್ಯಾಹ್ನ ಬಳಚಿನ ಸುಕ್ಕ ಉಂಡು ಕೈ ಒಣಗುವ ಮೊದಲೇ ಮಾವ, ‘ನಡೀ, ಸಭೆಗೆ’ ಎಂದರು. ಗಜನಿಯ ಪಾಲುದಾರರ ಸಭೆ. ಅಪ್ಪನ ಹೆಸರಿನಲ್ಲಿ ಇನ್ನೂ ಎರಡು ತುಂಡು ಗದ್ದೆ ಇದೆ, ಅತ್ತೆಯ ಮನೆಯವರೇ ಮಾಡುವುದು. ಅಪ್ಪನ ಪರವಾಗಿ ನಾನು ಕೂರಬೇಕೆಂದು ಅತ್ತೆಯ ಅಭಿಪ್ರಾಯ. ಶಾಲೆಯ ಜಗಲಿಯಲ್ಲಿ ಇಪ್ಪತ್ತೈದು ಮೂವತ್ತು ಜನ, ಹೆಚ್ಚಿನವರು ಅರವತ್ತು ದಾಟಿದವರು. ಇಬ್ಬರು ಮುಂಬೈಯಿಂದ ಫೋನಿನಲ್ಲಿ ಕೂತಿದ್ದರು, ಆ ಫೋನುಗಳನ್ನು ಲೆಕ್ಕದ ಪುಸ್ತಕಕ್ಕೆ ಒರಗಿಸಿ ನಿಲ್ಲಿಸಿದ್ದರು.

ಮೀನು ಹಿಡಿಯುವ ಹಕ್ಕಿನ ಹರಾಜು ಬೇಗ ಮುಗಿಯಿತು. ಬಂದ ಹಣದಲ್ಲಿ ಒಂದು ಭಾಗ ಒಡ್ಡಿಗೆ, ಉಳಿದದ್ದು ಗದ್ದೆಯ ಅಳತೆಗೆ ತಕ್ಕಂತೆ ಹಂಚಿಕೆ. ಆಮೇಲೆ ನಿಜವಾದ ಮಾತು ಎದ್ದಿತು. ಸಿಗಡಿಗೆಂದು ಮತ್ತೊಬ್ಬರು ಗುತ್ತಿಗೆ ಕೇಳಿ ಬಂದಿದ್ದಾರೆ. ಐದು ವರ್ಷದ ಕರಾರು, ಅರ್ಧ ಹಣ ಮುಂಗಡ. ಒಬ್ಬ ಹಿರಿಯರು ಎದ್ದು ನಿಂತು, ‘ಮಕ್ಕಳು ಇಲ್ಲಾ, ಆಳು ಸಿಗೂದಿಲ್ಲಾ. ಎಷ್ಟ ವರ್ಷ ನಾವೇ ಕೆಸರ ಹೊರೂದು?’ ಎಂದರು. ಅವರ ಮಾತಿಗೆ ಎದುರಾಡುವುದು ಯಾರಿಗೂ ಸುಲಭವಿರಲಿಲ್ಲ. ಮುಂಬೈಯ ಒಂದು ಫೋನು ಗುತ್ತಿಗೆಗೆ ಕೊಡಿ ಎಂದಿತು. ಮಾವ ಬೇಡವೆಂದರು. ಜಗಲಿಯ ಕೆಳಗೆ ಹೆಂಗಸರ ನಡುವೆ ಕೂತಿದ್ದ ಅತ್ತೆ, ಗುತ್ತಿಗೆಯವರು ಹೋದ ಮೇಲೆ ಬೀಜ ಎಲ್ಲಿಂದ ತರುತ್ತೀರಿ ಎಂದಷ್ಟೇ ಕೇಳಿದಳು.

ನನ್ನ ಸರದಿ ಬಂತು. ಅಪ್ಪನಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಗ್ಗವೇ ಬಿತ್ತಲಿ, ನಮ್ಮ ಪಾಲಿನ ಮೀನಿನ ಹಣ ಪೂರ್ತಿ ಒಡ್ಡಿಗೆ ಇಟ್ಟುಕೊಳ್ಳಲಿ, ಸಾಲದಿದ್ದರೆ ಕೇಳಲಿ ಎಂದ. ಅದನ್ನೇ ಸಭೆಗೆ ಹೇಳಿದೆ. ಹೊರಗಿರುವ ಉಳಿದ ಪಾಲುದಾರರಿಗೂ ಇದನ್ನೇ ಕೇಳಿದರೆ ಹೇಗೆ ಎಂದು ಯಾರೋ ಸೂಚಿಸಿದರು: ಬಂದು ದುಡಿಯುವವರು ದುಡಿಯಲಿ, ಬರಲಾರದವರು ತಮ್ಮ ಮೀನಿನ ಪಾಲನ್ನು ಒಡ್ಡಿಗೆ ಬಿಡಲಿ. ಮುಂಬೈಯ ಇನ್ನೊಂದು ಫೋನು ಮೊದಲು ಒಪ್ಪಿತು. ಒಬ್ಬೊಬ್ಬರಾಗಿ ಕೈ ಎತ್ತಿದರು. ಗುತ್ತಿಗೆಯ ಮಾತನ್ನು ಒಂದು ವರ್ಷಕ್ಕೆ ಮುಂದೂಡಿ ಪುಸ್ತಕದಲ್ಲಿ ಬರೆದರು. ಒಂದೇ ವರ್ಷಕ್ಕೆ. ಅದಕ್ಕಿಂತ ಹೆಚ್ಚಿನದಕ್ಕೆ ಆ ಜಗಲಿಯಲ್ಲಿ ಯಾರೂ ಮಾತು ಕೊಡುವ ಸ್ಥಿತಿಯಲ್ಲಿರಲಿಲ್ಲ.

ಅತ್ತೆ ರೈಲಿಗೆ ಕಟ್ಟಿಕೊಟ್ಟ ಚೀಲದಲ್ಲಿ ಕಗ್ಗದ ಅಕ್ಕಿ, ಮುರುಗಲ ಸಿಪ್ಪೆ, ಅಪ್ಪನಿಗೆಂದು ಒಣ ಶೆಟ್ಲಿ ಇದ್ದವು. ಮೇ ತಿಂಗಳ ಟಿಕೆಟ್ ತೆರೆದೊಡನೆ ಅಪ್ಪನಿಗೂ ಸೇರಿಸಿ ಬರ್ತು ಹಿಡಿಯಬೇಕೆಂದು ಮಗಳು ಆಗಲೇ ಬರೆದಿಟ್ಟುಕೊಂಡಿದ್ದಳು. ಮಾವ ನಮ್ಮನ್ನು ಸ್ಟೇಷನ್ನಿಗೆ ಬಿಡಲು ಬಂದವರು ದಾರಿಯುದ್ದಕ್ಕೂ ಗಜನಿಯ ಬಾಗಿಲಿಗೆ ಹೊಸ ಹಲಗೆ ಹಾಕಿಸಬೇಕು, ಹಲಸಿನ ಮರದ್ದೇ ಆಗಬೇಕು, ಹಲಸು ಈಗ ಯಾರ ತೋಟದಲ್ಲಿ ಕಡಿಯುವ ಹದಕ್ಕಿದೆ ಎಂದು ರಿಕ್ಷಾದವನ ಜೊತೆ ವಾದಿಸುತ್ತಲೇ ಇದ್ದರು.